ಹಡಗಿನ ಬದುಕು, ಹಡಗಿನ ಜೊತೆಗಾರರು: ಪದೇ ಪದೇ ಕೇಳುವ ಪ್ರಶ್ನೆಗಳು

1974ರ ಕೊನೆಯಿಂದ 1998ರವರೆಗೆ ನಾನು ಭಾರತದ ಸರಕು ಹಡಗುಗಳಲ್ಲೂ ತೈಲ ಹಡಗುಗಳಲ್ಲೂ ರೇಡಿಯೊ ಆಫೀಸರ್ ಆಗಿ ಕೆಲಸ ಮಾಡಿದೆ. ಕುಂದಾಪುರದ ಕಡೆಯ ನನ್ನ ಊರಿಗೆ ಮರಳಿದ ಮೇಲೆ ನನ್ನನ್ನು ಹುಡುಕಿಕೊಂಡು ಬರುವವರಲ್ಲಿ ಹೆಚ್ಚಿನವರು ಹಡಗಿನಲ್ಲಿ ದುಡಿದು ತೀರಿಕೊಂಡವರ ಮಕ್ಕಳು ಮತ್ತು ಮೊಮ್ಮಕ್ಕಳು. "ಅಪ್ಪ ಮನೆಯಲ್ಲಿ ಏನೂ ಹೇಳುತ್ತಿರಲಿಲ್ಲ" ಎಂಬುದು ಅವರೆಲ್ಲರ ಮೊದಲ ಮಾತು. ಅವರು ಕೇಳಿದ ಪ್ರಶ್ನೆಗಳಿಗೆ, ನನಗೆ ತಿಳಿದಿರುವಷ್ಟನ್ನೂ ಹಳೆಯ ಜೊತೆಗಾರರು ಸೇರಿದಾಗ ನೆನಪಿಸಿಕೊಂಡಷ್ಟನ್ನೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ಮರ್ಚೆಂಟ್ ನೇವಿ ಎಂದರೆ ನೌಕಾಪಡೆಯೇ?

ಅಲ್ಲ. ನೌಕಾಪಡೆ ದೇಶವನ್ನು ಕಾಯುತ್ತದೆ, ಮರ್ಚೆಂಟ್ ನೇವಿ ಸರಕು ಸಾಗಿಸುತ್ತದೆ. ನಮಗೆ ಬಂದೂಕು ಇರಲಿಲ್ಲ, ಪಿಂಚಣಿಯೂ ಇರಲಿಲ್ಲ. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ 'ಲಾಯಲ್ಟಿ' ಎಂಬ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಸಾಗರಯಾನವೆಲ್ಲ ಬ್ರಿಟಿಷ್ ಕಂಪನಿಗಳ ಹಿಡಿತದಲ್ಲಿದ್ದ ಕಾಲದಲ್ಲಿ ಅದು ಭಾರತೀಯರ ದೊಡ್ಡ ಸಾಹಸವಾಗಿತ್ತು. 1964ರಿಂದ ಆ ದಿನವನ್ನು ರಾಷ್ಟ್ರೀಯ ಸಾಗರಯಾನ ದಿನವೆಂದು ಆಚರಿಸುತ್ತಾರೆ.

ಆಗಿನ ಒಂದು ಹಡಗಿನಲ್ಲಿ ಎಷ್ಟು ಜನ ಇರುತ್ತಿದ್ದರು? ಯಾರು ಯಾವ ಕೆಲಸ ಮಾಡುತ್ತಿದ್ದರು?

ನಾನು ಮೊದಲು ಹತ್ತಿದ ಸಾಮಾನ್ಯ ಸರಕು ಹಡಗಿನಲ್ಲಿ ಐವತ್ತಕ್ಕಿಂತ ಹೆಚ್ಚು ಜನರಿದ್ದೆವು. ಈಗ ಅದರ ಹತ್ತರಷ್ಟು ಸರಕು ಹೊರುವ ಹಡಗನ್ನು ಇಪ್ಪತ್ತು, ಇಪ್ಪತ್ತೈದು ಜನ ನಡೆಸುತ್ತಾರೆ. ಕ್ಯಾಪ್ಟನ್, ಅವರ ಕೆಳಗೆ ಮೂವರು ಡೆಕ್ ಅಧಿಕಾರಿಗಳು, ಚೀಫ್ ಇಂಜಿನಿಯರ್ ಮತ್ತು ಅವರ ಕೈಕೆಳಗಿನ ಇಂಜಿನಿಯರುಗಳು, ಒಬ್ಬ ಎಲೆಕ್ಟ್ರಿಕಲ್ ಆಫೀಸರ್, ಒಬ್ಬ ರೇಡಿಯೊ ಆಫೀಸರ್, ಇವರು ಅಧಿಕಾರಿಗಳು. ಉಳಿದವರನ್ನು 'ಕ್ರೂ' ಎನ್ನುತ್ತಿದ್ದರು, ಮತ್ತು ಅವರಲ್ಲಿ ಮೂರು ಗುಂಪುಗಳಿದ್ದವು. ಡೆಕ್ಕಿನವರ ಮುಖ್ಯಸ್ಥ ಡೆಕ್ ಸೆರಾಂಗ್, ಅವರ ನಂತರ ಟಿಂಡಲ್. ಚುಕ್ಕಾಣಿ ಹಿಡಿಯುವವನು ಸುಕಾನಿ, ಸಾಮಾನಿನ ಕೋಣೆಯನ್ನು ನೋಡಿಕೊಳ್ಳುವವನು ಕಸಬ್, ಉಳಿದವರು ಖಲಾಸಿಗಳು. ಇಂಜಿನ್ ರೂಮಿಗೆ ಬೇರೆಯೇ ಒಬ್ಬ ಸೆರಾಂಗ್, ಅವರ ಕೈಕೆಳಗೆ ಯಂತ್ರಗಳಿಗೆ ಎಣ್ಣೆ ಹಾಕುವ ತೇಲ್‌ವಾಲಾಗಳು ಮತ್ತು ಬಾಯ್ಲರ್ ನೋಡುವ ಆಗ್‌ವಾಲಾಗಳು. ಮೂರನೆಯದು ಸಲೂನ್, ಅಂದರೆ ಊಟ ಉಪಚಾರದ ವಿಭಾಗ: ಬಟ್ಲರ್, ಅಡುಗೆಯವರು, ಸ್ಟೀವರ್ಡುಗಳು. ಕ್ರೂಗೆ ಅಡುಗೆ ಮಾಡುವವನು ಭಂಡಾರಿ, ಸ್ವಚ್ಛತೆಯ ಕೆಲಸದವನು ಟೋಪಾಸ್.

ಬ್ರಿಟಿಷರ ಕಾಲದಿಂದ ಈ ಗುಂಪುಗಳಿಗೆ ಊರು ನೋಡಿ ಜನರನ್ನು ಆರಿಸುವ ರೂಢಿ ಬೆಳೆದಿತ್ತು. ಮುಂಬಯಿಯಲ್ಲಿ ಸೈನ್ ಆನ್ ಮಾಡಿದ, ಅಂದರೆ ಒಪ್ಪಂದಕ್ಕೆ ಸಹಿ ಹಾಕಿಸಿ ಕೆಲಸಗಾರರನ್ನು ಹತ್ತಿಸಿಕೊಂಡ ಹಡಗುಗಳಲ್ಲಿ ಡೆಕ್ಕಿಗೆ ರತ್ನಾಗಿರಿ ಮತ್ತು ಗುಜರಾತಿನವರು, ಸಲೂನಿಗೆ ಗೋವಾದವರು ಎಂಬಂತೆ ಇರುತ್ತಿತ್ತು. ಅಧಿಕಾರಿಗಳಿಗೂ ಕ್ರೂಗೂ ಊಟದ ಕೋಣೆ ಬೇರೆ, ಅಡುಗೆ ಬೇರೆ, ಓಡಾಡುವ ಮೆಟ್ಟಿಲೂ ಎಷ್ಟೋ ಕಡೆ ಬೇರೆ. ಸ್ವಾತಂತ್ರ್ಯ ಬಂದು ಮೂವತ್ತು ವರ್ಷವಾದ ಮೇಲೂ ನಾವು ಆ ಗೋಡೆಗಳನ್ನು ಹಾಗೆಯೇ ಇಟ್ಟುಕೊಂಡದ್ದು ತಪ್ಪು ಎಂದೇ ನಾನು ಆಗಲೂ ಭಾವಿಸಿದ್ದೆ, ಈಗಲೂ ಭಾವಿಸುತ್ತೇನೆ.

ಈ ಹೆಸರುಗಳು ಎಲ್ಲಿಂದ ಬಂದವು?

ಅರಬ್ಬರು, ಪರ್ಷಿಯನ್ನರು, ಪೋರ್ಚುಗೀಸರು, ಕೊಂಕಣಿಗರು, ಗುಜರಾತಿಗಳು, ಬಂಗಾಳಿಗಳು ಒಂದೇ ಹಡಗಿನಲ್ಲಿ ಶತಮಾನಗಳ ಕಾಲ ದುಡಿದು ಕಟ್ಟಿದ ಭಾಷೆ ಇದು. ಇದನ್ನು ಲಸ್ಕರಿ ಎನ್ನುತ್ತಾರೆ. 1811ರಲ್ಲೇ ಥಾಮಸ್ ರೋಬಕ್ ಎಂಬ ಅಧಿಕಾರಿ ಈ ಮಾತುಗಳಿಗೊಂದು ನಿಘಂಟು ಮಾಡಿದ್ದರು. 'ಸೆರಾಂಗ್' ಎಂಬುದು ಮುಂದಾಳು ಎಂಬ ಅರ್ಥದ ಪರ್ಷಿಯನ್ 'ಸರ್ಹಂಗ್'ನಿಂದ ಬಂದಿದೆ. ಡೆಕ್ ಅಧಿಕಾರಿಯನ್ನು ಕರೆಯುವ 'ಮಾಲಂ' ಎಂಬ ಮಾತು ಕಲಿಸುವವನು ಎಂಬ ಅರ್ಥದ ಅರಬ್ಬಿ 'ಮುಅಲ್ಲಿಮ್'. ನಮಗೆ ಇವು ಪರಕೀಯವೇನಲ್ಲ. ನಾವು ದಿನವೂ ಬಳಸುವ ಚುಕ್ಕಾಣಿ ಮತ್ತು ಹಡಗಿನ ಸುಕಾನಿ ಒಂದೇ ಅರಬ್ಬಿ ಮೂಲದವು. ನಮ್ಮ ಕರಾವಳಿಯಲ್ಲಿ ಮೀನುಗಾರಿಕೆ ದೋಣಿಯ ಮುಖ್ಯಸ್ಥನನ್ನು ಇವತ್ತಿಗೂ ತಾಂಡೇಲ ಎನ್ನುತ್ತೇವೆ, ಹಡಗಿನ ಟಿಂಡಲ್ ಅವನೇ.

ಹಡಗಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಥರ್ಡ್ ಇಂಜಿನಿಯರ್ 'ತೀನ್ ಸಾಬ್', ಫೋರ್ತ್ ಇಂಜಿನಿಯರ್ 'ಚಾರ್ ಸಾಬ್', ಚೀಫ್ ಆಫೀಸರ್ 'ಬಡಾ ಮಾಲಂ'. ರೇಡಿಯೊ ಕೋಣೆಯಲ್ಲಿ ಕುಳಿತವನು ಯಾರೇ ಆಗಿರಲಿ, ಅವನು 'ಮಾರ್ಕೋನಿ ಸಾಬ್'. ಇಪ್ಪತ್ನಾಲ್ಕು ವರ್ಷ ನನ್ನ ಹೆಸರು ಅದೇ ಆಗಿತ್ತು. ನಿಮ್ಮ ತಂದೆಯ ಜೊತೆಗಾರರನ್ನು ಹುಡುಕುವಾಗ ಇದು ನೆನಪಿರಬೇಕು: ಅವರ ಹೆಸರು ಹೇಳಿದರೆ ಯಾರಿಗೂ ಗುರುತು ಸಿಗದಿರಬಹುದು, ಹಡಗು, ವರ್ಷ ಮತ್ತು ಹುದ್ದೆ ಹೇಳಿದರೆ ಕೂಡಲೇ ಸಿಗುತ್ತದೆ.

ದಿನಚರಿ ಹೇಗಿರುತ್ತಿತ್ತು?

ಹಡಗು ಭಾನುವಾರವೆಂದು ನಿಲ್ಲುವುದಿಲ್ಲವಾದ್ದರಿಂದ ದಿನವನ್ನು ನಾಲ್ಕು ನಾಲ್ಕು ಗಂಟೆಗಳ ವಾಚ್‌ಗಳಾಗಿ ಹಂಚುತ್ತಿದ್ದರು. ಹನ್ನೆರಡರಿಂದ ನಾಲ್ಕು, ನಾಲ್ಕರಿಂದ ಎಂಟು, ಎಂಟರಿಂದ ಹನ್ನೆರಡು, ಹಗಲಿಗೊಮ್ಮೆ, ರಾತ್ರಿಗೊಮ್ಮೆ. ಒಂದೇ ವಾಚ್‌ನಲ್ಲಿ ಎಂಟು ತಿಂಗಳು ಜೊತೆಗಿದ್ದ ಇಬ್ಬರಿಗೆ ಪರಸ್ಪರರ ಕೆಮ್ಮು, ಹೆಜ್ಜೆ, ಟೀ ಕುಡಿಯುವ ಸದ್ದು ಎಲ್ಲ ಗೊತ್ತಿರುತ್ತಿತ್ತು. ಬೇರೆ ವಾಚ್‌ನವನ ಮುಖವನ್ನು ಊಟದ ಹೊತ್ತಿನಲ್ಲಿ ಮಾತ್ರ ನೋಡುವುದೂ ಇತ್ತು. ಸಮಭಾಜಕ ದಾಟುವಾಗ ಹೊಸಬರಿಗೆ ನೀರು ಸುರಿದು ವೇಷ ಹಾಕಿ ನಡೆಸುವ ಸಮಾರಂಭದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಇತ್ತು, ಅರ್ಧ ದಿನದ ತಮಾಷೆ, ಅಷ್ಟೇ.

ಊಟಕ್ಕೆ ಏನಿರುತ್ತಿತ್ತು?

ಭಂಡಾರಿಯ ಕೈಯ ಅನ್ನ, ಬೇಳೆ, ಚಪಾತಿ, ಮೀನು ಅಥವಾ ಮಾಂಸ. ಬಂದರು ಬಿಟ್ಟ ಮೊದಲ ಎರಡು ವಾರ ತಾಜಾ ತರಕಾರಿ, ಆಮೇಲೆ ಎಲೆಕೋಸು, ಆಲೂಗಡ್ಡೆ, ಈರುಳ್ಳಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದಲ್ಲಿ ಮಳೆಗಾಲದ ಅಲೆಗಳಿಗೆ ಹಡಗು ಅತ್ತಿತ್ತ ಹೊರಳುವಾಗ ತಟ್ಟೆ ಜಾರದಂತೆ ಮೇಜಿನ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಹಾಸುತ್ತಿದ್ದರು. ಆ ಒದ್ದೆ ಬಟ್ಟೆಯ ಮೇಲೆ ಮೊಣಕೈ ಊರಿ ಉಂಡವರಿಗೆ ಮನೆಯಲ್ಲಿ ಒಣ ಮೇಜಿನ ಮುಂದೆ ಕುಳಿತಾಗಲೂ ತಟ್ಟೆಯ ಅಂಚನ್ನು ಹಿಡಿದುಕೊಳ್ಳುವ ಅಭ್ಯಾಸ ಉಳಿದುಬಿಡುತ್ತದೆ. ನಿಮ್ಮ ತಂದೆ ಹಾಗೆ ಮಾಡುತ್ತಿದ್ದರೆ ಕಾರಣ ಇದು.

ಮನೆಯ ಸುದ್ದಿ ಹೇಗೆ ತಿಳಿಯುತ್ತಿತ್ತು?

ಇದು ನನ್ನ ಕೆಲಸವೇ ಆಗಿದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಾಮಾನ್ಯ ದಾರಿ ಕಾಗದ. ಬಂದರಿಗೆ ಹಡಗು ಕಟ್ಟಿದ ಕೂಡಲೇ ಕಂಪನಿಯ ಏಜೆಂಟ್ ಅಂಚೆ ಚೀಲದೊಂದಿಗೆ ಏರುತ್ತಿದ್ದರು, ಜನ ಏಣಿಯ ಬಳಿ ಕಾದು ನಿಲ್ಲುತ್ತಿದ್ದರು. ಒಂದೇ ಬಾರಿಗೆ ಏಳೆಂಟು ಕಾಗದಗಳು ಸಿಗುತ್ತಿದ್ದುದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯಲು ಹೆಂಡತಿಯರು ಲಕೋಟೆಯ ಮೂಲೆಯಲ್ಲಿ ಸಂಖ್ಯೆ ಬರೆಯುತ್ತಿದ್ದರು. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಹಾಗೆ ಸಂಖ್ಯೆ ಹಾಕಿದ ಲಕೋಟೆಗಳಿದ್ದರೆ ದಯವಿಟ್ಟು ಎಸೆಯಬೇಡಿ.

ತುರ್ತಿನ ದಾರಿ ರೇಡಿಯೊ ತಂತಿ. ಕರಾವಳಿಯ ರೇಡಿಯೊ ಕೇಂದ್ರಗಳು, ಉದಾಹರಣೆಗೆ ವಿ.ಡಬ್ಲ್ಯು.ಬಿ. ಎಂಬ ಕರೆಗುರುತಿನ ಮುಂಬಯಿ ರೇಡಿಯೊ, ನಿಗದಿತ ಹೊತ್ತಿಗೆ ತಮ್ಮಲ್ಲಿ ಯಾವ ಯಾವ ಹಡಗಿಗೆ ತಂತಿ ಬಂದಿದೆ ಎಂಬ ಪಟ್ಟಿಯನ್ನು ಮೋರ್ಸ್ ಎಂಬ ಚುಕ್ಕೆ-ಗೀಟುಗಳ ಸಂಕೇತದಲ್ಲಿ ಕಳುಹಿಸುತ್ತಿದ್ದವು. ನಮ್ಮ ಕರೆಗುರುತು ಕೇಳಿದರೆ ಆ ಕೇಂದ್ರವನ್ನು ಕರೆದು ತಂತಿಯನ್ನು ಬರೆದುಕೊಳ್ಳಬೇಕು. ರೇಡಿಯೊ ಕೋಣೆಯ ಗಡಿಯಾರದ ಮುಖದಲ್ಲಿ ಎರಡು ಕೆಂಪು ತುಂಡುಗಳಿರುತ್ತಿದ್ದವು: ಪ್ರತಿ ಗಂಟೆಯ 15ನೇ ನಿಮಿಷದಿಂದ ಮೂರು ನಿಮಿಷ, 45ನೇ ನಿಮಿಷದಿಂದ ಮೂರು ನಿಮಿಷ. ಆಗ 500 ಕಿಲೋಹರ್ಟ್ಸ್‌ನಲ್ಲಿ ಜಗತ್ತಿನ ಎಲ್ಲ ಹಡಗುಗಳೂ ಮಾತು ನಿಲ್ಲಿಸಿ, ಎಲ್ಲಾದರೂ ಮುಳುಗುತ್ತಿರುವ ಹಡಗಿನ ಸಣ್ಣ ದನಿ ಕೇಳುತ್ತದೆಯೇ ಎಂದು ಕಿವಿಗೊಡಬೇಕಿತ್ತು. ಯಾರೋ ಗುರುತಿಲ್ಲದವರಿಗಾಗಿ ಸಾವಿರಾರು ಜನ ಒಟ್ಟಿಗೆ ಸುಮ್ಮನಾಗುವ ಆ ಮೂರು ನಿಮಿಷಗಳಷ್ಟು ಗೌರವದ ಕೆಲಸವನ್ನು ನಾನು ಬೇರೆಲ್ಲೂ ಮಾಡಿಲ್ಲ. 1999ರ ಫೆಬ್ರವರಿ 1ರಿಂದ ಉಪಗ್ರಹ ಆಧಾರಿತ ಹೊಸ ವ್ಯವಸ್ಥೆ ಪೂರ್ತಿಯಾಗಿ ಜಾರಿಗೆ ಬಂದು ಆ ಕೆಲಸ ಮುಗಿಯಿತು. ರೇಡಿಯೊ ಆಫೀಸರ್ ಎಂಬ ಹುದ್ದೆಯೂ ಅದರೊಂದಿಗೆ ಹೋಯಿತು.

ಕೆಟ್ಟ ಸುದ್ದಿ ಬಂದಾಗ ಏನು ಮಾಡುತ್ತಿದ್ದಿರಿ?

ತಂತಿಯ ವಿಷಯವನ್ನು ಗುಟ್ಟಾಗಿಡುವೆನೆಂದು ರೇಡಿಯೊ ಆಫೀಸರ್ ಸಹಿ ಹಾಕಿರುತ್ತಾನೆ. ಹಾಗಾಗಿ ಒಬ್ಬನ ಮನೆಯ ಸಾವು ಅವನಿಗಿಂತ ಮೊದಲು ನನಗೆ ತಿಳಿಯುತ್ತಿತ್ತು, ಮತ್ತು ಅದನ್ನು ಹೊತ್ತುಕೊಂಡು ಅವನ ಮುಂದೆಯೇ ಓಡಾಡಬೇಕಾಗುತ್ತಿತ್ತು.

1981ರಲ್ಲಿ ಹಿಂದೂ ಮಹಾಸಾಗರದಲ್ಲಿ ಆಸ್ಟ್ರೇಲಿಯಾದ ಕಡೆಗೆ ಹೋಗುತ್ತಿದ್ದಾಗ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಒಬ್ಬ ತೇಲ್‌ವಾಲಾನಿಗೆ ತಂತಿ ಬಂತು. ತಂದೆ ತೀರಿಕೊಂಡಿದ್ದಾರೆ, ಕ್ರಿಯೆಗಳು ಮುಗಿದಿವೆ, ಚಿಂತಿಸಬೇಡ ಎಂದಿತ್ತು. ಕ್ಯಾಪ್ಟನ್ ಅದನ್ನು ಓದಿ ಇಂಜಿನ್ ಸೆರಾಂಗ್ ಅವರನ್ನು ಕರೆಸಿದರು. ಅವರು ರತ್ನಾಗಿರಿ ಕಡೆಯ ಹಿರಿಯ ಮುಸ್ಲಿಮರು, ಹುಡುಗ ಅದೇ ಕಡೆಯ ಹಿಂದೂ. ಸೆರಾಂಗ್ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಈಗ ಅವನು ವಾಚ್‌ನಲ್ಲಿದ್ದಾನೆ, ಸಾಬ್. ಸುತ್ತ ಯಂತ್ರ ಓಡುತ್ತಿದೆ. ನಾಲ್ಕು ಗಂಟೆಗೆ ಮೇಲೆ ಬಂದು ಸ್ನಾನ ಮಾಡಿ ಒಂದು ತುತ್ತು ಉಣ್ಣಲಿ. ಆಮೇಲೆ ನಾನೇ ಹೇಳುತ್ತೇನೆ." ಮೂರು ಗಂಟೆ ಆ ಕಾಗದ ನನ್ನ ಜೇಬಿನಲ್ಲಿತ್ತು.

ಮರುದಿನ ಬೆಳಿಗ್ಗೆ ಹಡಗಿನ ಹಿಂಬದಿಯ ಡೆಕ್ಕಿನಲ್ಲಿ ಒಬ್ಬ ಖಲಾಸಿ ಅವನ ತಲೆ ಬೋಳಿಸಿದ. ಅಲ್ಯೂಮಿನಿಯಂ ಬೋಗುಣಿಯಲ್ಲಿ ನೀರು ತುಂಬಿ, ಅದನ್ನು ಎಡಗೈಯಲ್ಲಿ ಹಿಡಿದು ಅಷ್ಟು ಹೊತ್ತೂ ಅವನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತವರು ಸೆರಾಂಗ್. ಹಡಗು ಹೊರಳಿದಾಗಲೆಲ್ಲ ನೀರು ಅವರ ಲುಂಗಿಯ ಮೇಲೆ ಚೆಲ್ಲುತ್ತಿತ್ತು. ಮುಂದಿನ ಕೆಲವು ದಿನ ಹುಡುಗನ ರಾತ್ರಿಯ ವಾಚ್ ಅನ್ನು ಬೇರೆಯವರು ಹಂಚಿಕೊಂಡರು. ಯಾರು ಹೇಳಿದರು ಎಂದು ಯಾರಿಗೂ ಗೊತ್ತಿಲ್ಲ. ಭಂಡಾರಿ ಹನ್ನೊಂದು ದಿನ ಅವನಿಗೆ ಮೀನು ಮುಟ್ಟದ ಬೇರೆ ಪಾತ್ರೆಯಲ್ಲಿ ಅನ್ನ ಮಾಡಿಕೊಟ್ಟ.

ಹಡಗಿನ ಜೊತೆಗಾರ ಎಂದರೆ ಯಾರು, ಸ್ನೇಹಿತನೇ, ಸಹೋದ್ಯೋಗಿಯೇ ಎಂದು ಕೇಳುವವರಿಗೆ ನಾನು ಈ ಬೆಳಿಗ್ಗೆಯನ್ನೇ ಹೇಳುತ್ತೇನೆ. ಬಂಧುಗಳು ಇಲ್ಲದ ಕಡೆ ಬಂಧುಗಳ ಕೆಲಸ ಮಾಡಿದವರು ಅವರು, ಮತ್ತು ಒಪ್ಪಂದ ಮುಗಿದ ದಿನ ಟ್ರಂಕು ಹಿಡಿದು ವಿಳಾಸವನ್ನೂ ಕೊಡದೆ ಇಳಿದು ಹೋದವರು.

ಬಂದರುಗಳಲ್ಲಿ ಊರು ನೋಡಲು ಸಮಯ ಸಿಗುತ್ತಿತ್ತೇ?

ಎಪ್ಪತ್ತರ ದಶಕದಲ್ಲಿ ಧಾರಾಳವಾಗಿ. ಚಹಾ, ಸೆಣಬು, ಗೋಡಂಬಿ, ಕಾಫಿ ಎಲ್ಲ ಚೀಲ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಹಡಗಿನ ಡೆರಿಕ್ ಎಂಬ ಎತ್ತುವ ಯಂತ್ರಗಳಿಂದ ಒಂದೊಂದು ಕಟ್ಟನ್ನೂ ಎತ್ತಿ ಇಳಿಸಲು ವಾರ, ಹತ್ತು ದಿನ ಹಿಡಿಯುತ್ತಿತ್ತು. ಸಂಜೆ ಸೀಮೆನ್ಸ್ ಕ್ಲಬ್ಬಿಗೆ ಹೋಗುತ್ತಿದ್ದೆವು. 1856ರಿಂದ ನಾವಿಕರಿಗಾಗಿ ದುಡಿಯುತ್ತಿರುವ ಕ್ರೈಸ್ತ ಸಂಸ್ಥೆಯ, ಹಾರುವ ದೇವದೂತನ ಗುರುತಿನ ಕ್ಲಬ್ಬುಗಳಲ್ಲಿ ಯಾರೂ ನಮ್ಮ ಧರ್ಮ ಕೇಳದೆ ಬಿಸಿ ಟೀ, ಕಾಗದ, ಪೆನ್ನು ಕೊಡುತ್ತಿದ್ದರು. ಕಂಟೇನರ್ ಬಂದ ಮೇಲೆ ಹಡಗು ಗಂಟೆಗಳ ಲೆಕ್ಕದಲ್ಲಿ ಬಂದರು ಬಿಡತೊಡಗಿತು. ಈಗಿನ ಹುಡುಗರ ಸಂಬಳ ಒಳ್ಳೆಯದು, ಮನೆಯವರ ಮುಖವನ್ನು ಫೋನಿನಲ್ಲಿ ದಿನವೂ ನೋಡುತ್ತಾರೆ. ಆದರೆ ಹತ್ತು ಬಾರಿ ರಾಟರ್‌ಡ್ಯಾಮಿಗೆ ಹೋದವನು ಅಲ್ಲಿನ ಒಂದು ಬೀದಿಯನ್ನೂ ನೋಡಿಲ್ಲ ಎಂದಾಗ ನನಗೆ ನಿಜವಾಗಿ ನೋವಾಗುತ್ತದೆ.

ಸೂಯೆಜ್ ಕಾಲುವೆ ಮುಚ್ಚಿದ್ದ ಕಾಲದಲ್ಲಿ ನೀವು ಹಡಗಿನಲ್ಲಿದ್ದಿರಾ?

ಅದರ ಕೊನೆಯ ತಿಂಗಳುಗಳಲ್ಲಿ. 1967ರ ಜೂನ್‌ನಲ್ಲಿ ಯುದ್ಧದಿಂದ ಮುಚ್ಚಿದ ಕಾಲುವೆ ಮತ್ತೆ ತೆರೆದದ್ದು 1975ರ ಜೂನ್ 5ರಂದು. ನನ್ನ ಮೊದಲ ಯಾನ ಮುಂಬಯಿಯಿಂದ ಯುರೋಪಿಗೆ, ಗುಡ್ ಹೋಪ್ ಭೂಶಿರವನ್ನು ಸುತ್ತಿಕೊಂಡು. ನಾಲ್ಕು ಸಾವಿರಕ್ಕೂ ಹೆಚ್ಚು ನಾಟಿಕಲ್ ಮೈಲಿ ಅಧಿಕ ದಾರಿ, ನಮ್ಮ ಹಡಗಿನ ವೇಗಕ್ಕೆ ಸುಮಾರು ಹನ್ನೆರಡು ದಿನ. ವರ್ಣಭೇದ ನೀತಿಯನ್ನು ವಿರೋಧಿಸಿ ಭಾರತ 1946ರಲ್ಲೇ ದಕ್ಷಿಣ ಆಫ್ರಿಕದೊಂದಿಗೆ ವ್ಯಾಪಾರ ನಿಲ್ಲಿಸಿತ್ತು. ಅಗುಲ್ಹಾಸ್ ಪ್ರವಾಹದ ದೊಡ್ಡ ಅಲೆಗಳಲ್ಲಿ ಜರ್ಜರಿತರಾಗಿದ್ದ ನಾವು ಆ ದೇಶದ ದೀಪಗಳನ್ನು ದೂರದಿಂದಲೇ ನೋಡಿ ಮುಂದೆ ಹೋದೆವು. ಆ ದೀಪಗಳ ಕಡೆಗೆ ಬೆನ್ನು ಹಾಕಿ ನಿಂತಿದ್ದ ಹಿರಿಯ ಟಿಂಡಲ್ ಒಬ್ಬರ ನೆನಪಿದೆ. ಕಾರಣ ನಾನು ಕೇಳಲಿಲ್ಲ.

ಅಪಾಯಗಳು ಎಂಥವು?

ಬಿರುಗಾಳಿಗಿಂತ ಹೆಚ್ಚು ಜನ ಸತ್ತದ್ದು ಸಣ್ಣ ತಪ್ಪುಗಳಿಂದ: ಗಾಳಿಯಿಲ್ಲದ ಟ್ಯಾಂಕಿಗೆ ಇಳಿದು, ಬಿಗಿದ ಹಗ್ಗ ತುಂಡಾಗಿ ಬಡಿದು, ಸರಕಿನ ಕೋಣೆಯ ತೆರೆದ ಬಾಯಿಯಾದ ಹ್ಯಾಚ್‌ನಿಂದ ಬಿದ್ದು. ಇರಾನ್-ಇರಾಕ್ ಯುದ್ಧದಲ್ಲಿ 1984ರಿಂದ ತೈಲ ಹಡಗುಗಳ ಮೇಲಿನ ದಾಳಿ ಹೆಚ್ಚಿದಾಗ ನಾವು ಕೊಲ್ಲಿಯೊಳಗೆ ದೀಪ ಆರಿಸಿ, ಲೈಫ್ ಜಾಕೆಟ್ ತಲೆದಿಂಬಿನ ಪಕ್ಕದಲ್ಲಿಟ್ಟು ಮಲಗುತ್ತಿದ್ದೆವು. ಯುದ್ಧದಲ್ಲಿ ಪಕ್ಷವೇ ಇಲ್ಲದವರು ಯುದ್ಧದ ನಡುವೆ ಎಣ್ಣೆ ಹೊತ್ತು ಸಾಗಿದೆವು. ಮತ್ತೊಂದು ಬಗೆಯ ಅಪಾಯವೂ ಇತ್ತು: ಮಾಲೀಕರು ದಿವಾಳಿಯಾಗಿ, ನಾನಿದ್ದ ಒಂದು ಹಡಗು ವಿದೇಶಿ ಬಂದರಿನ ಹೊರಗೆ ಲಂಗರು ಹಾಕಿ ನಾಲ್ಕು ತಿಂಗಳು ನಿಂತಿತು. ಸಂಬಳವಿಲ್ಲ, ಸಿಹಿನೀರು ಅಳತೆಯ ಲೆಕ್ಕದಲ್ಲಿ. ಅಧಿಕಾರಿಗಳೂ ಕ್ರೂ ಕೂಡ ಒಂದೇ ಪಾತ್ರೆಯಿಂದ ಉಂಡದ್ದು ನನ್ನ ಸೇವೆಯಲ್ಲಿ ಆ ಒಂದು ಹಡಗಿನಲ್ಲಿ ಮಾತ್ರ.

ನಮ್ಮ ಕರಾವಳಿಯವರು ಈ ಕೆಲಸದಲ್ಲಿ ಇದ್ದರೇ?

ಇದ್ದರು, ಕಾರವಾರದಿಂದ ಮಂಗಳೂರಿನವರೆಗೆ. ಕೊಂಕಣಿಯಲ್ಲಿ ಹಡಗಿನವನಿಗೆ 'ತಾರ್ವಟಿ' ಎಂಬ ಹೆಸರೇ ಇದೆ. ಹಡಗಿನ ಕೆಲಸಕ್ಕೆ ಮುಂಬಯಿಯೇ ಬಾಗಿಲು. ಅಲ್ಲಿನ ಶಿಪ್ಪಿಂಗ್ ಆಫೀಸಿನಲ್ಲಿ ಸರದಿಗಾಗಿ ತಿಂಗಳುಗಟ್ಟಲೆ ಕಾದವರ ಕಥೆಗಳು ಕರಾವಳಿಯ ಎಷ್ಟೋ ಮನೆಗಳಲ್ಲಿವೆ. ನವಮಂಗಳೂರು 1974ರಲ್ಲಿ ಪ್ರಮುಖ ಬಂದರು ಎಂದು ಘೋಷಿತವಾದ ಮೇಲೆ ನಮ್ಮವರು ಹಡಗಿನಲ್ಲೇ ಊರಿನ ಬಾಗಿಲಿಗೆ ಬರುವಂತಾಯಿತು. ಲಕ್ಷದ್ವೀಪದ ಮಿನಿಕಾಯ್‌ನವರು ಹೆಸರಾಂತ ನಾವಿಕರು. ನನ್ನ ಜೊತೆಗಿದ್ದ ಅಲ್ಲಿನ ಸುಕಾನಿಯೊಬ್ಬರಿಗೆ ಮಂಗಳೂರಿನ ಹಳೆಯ ಬಂದರಿನ ಗಲ್ಲಿಗಳು ನನಗಿಂತ ಚೆನ್ನಾಗಿ ಗೊತ್ತಿದ್ದವು. ಆ ದ್ವೀಪಗಳ ಉತ್ತರ ಭಾಗದ ಅಮಿನಿದಿವಿ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತೆಂಬುದನ್ನು ನನಗೆ ಹೇಳಿದವರೂ ಅವರೇ.

ಇನ್ನೊಂದು ಸಂಗತಿಯನ್ನು ಹೆಮ್ಮೆಯಿಂದ ಹೇಳುತ್ತೇನೆ. ಎಂಬತ್ತರ ದಶಕದ ನಡುವಿನಲ್ಲಿ ಶಿಪ್ಪಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ ತನ್ನ ತೈಲ ಹಡಗುಗಳಿಗೆ ಪರಮವೀರ ಚಕ್ರ ಪಡೆದವರ ಹೆಸರಿಟ್ಟಿತು. ಅವುಗಳಲ್ಲೊಂದರ ಮೈಮೇಲೆ ಕಾರವಾರದ ಚೆಂಡಿಯಾದಲ್ಲಿ ಹುಟ್ಟಿದ ರಾಮ ರಾಘೋಬ ರಾಣೆಯವರ ಹೆಸರಿತ್ತು.

ತಂದೆ ಅಥವಾ ಅಜ್ಜ ಯಾವ ಹಡಗಿನಲ್ಲಿದ್ದರು ಎಂದು ತಿಳಿಯುವುದು ಹೇಗೆ?

ಅವರ ಸಿ.ಡಿ.ಸಿ. (ಕಂಟಿನ್ಯೂಯಸ್ ಡಿಸ್ಚಾರ್ಜ್ ಸರ್ಟಿಫಿಕೇಟ್), ಅಂದರೆ ನಾವಿಕನ ಸೇವಾ ದಾಖಲೆಯ ಪುಸ್ತಕವನ್ನು ಹುಡುಕಿ. ಪಾಸ್‌ಪೋರ್ಟಿನ ಗಾತ್ರದ ಆ ಪುಸ್ತಕದಲ್ಲಿ ಪ್ರತಿ ಯಾನಕ್ಕೂ ಹಡಗಿನ ಹೆಸರು, ಸೈನ್ ಆನ್ ಮತ್ತು ಸೈನ್ ಆಫ್ ಆದ ದಿನಾಂಕ ಹಾಗೂ ಸ್ಥಳ, ಹುದ್ದೆ ಮತ್ತು ಕ್ಯಾಪ್ಟನ್ ಸಹಿ ಇರುತ್ತವೆ. ಹಡಗಿನ ಹೆಸರೇ ಕಂಪನಿಯನ್ನು ಹೇಳುತ್ತದೆ: 'ಜಲ' ಎಂದು ಶುರುವಾದರೆ ಸಿಂಧಿಯಾ, 'ಜಗ್' ಎಂದರೆ ಗ್ರೇಟ್ ಈಸ್ಟರ್ನ್, 'ವಿಶ್ವ' ಎಂದರೆ 1961ರಲ್ಲಿ ಆರಂಭವಾದ ಶಿಪ್ಪಿಂಗ್ ಕಾರ್ಪೊರೇಷನ್. ಎರಡು ಯಾನಗಳ ನಡುವಿನ ಖಾಲಿ ತಿಂಗಳುಗಳನ್ನೂ ಲೆಕ್ಕ ಹಾಕಿ. ನೀವು ಅಪ್ಪನನ್ನು ನೋಡಿದ್ದು ಆ ತಿಂಗಳುಗಳಲ್ಲಿ ಮಾತ್ರ.

ಅವರು ಇನ್ನೂ ಇದ್ದಾರೆ, ಆದರೆ ಮಾತನಾಡುವುದಿಲ್ಲ. ಹೇಗೆ ಕೇಳಬೇಕು?

"ಸಮುದ್ರದ ಜೀವನ ಹೇಗಿತ್ತು" ಎಂದು ಕೇಳಿದರೆ "ಚೆನ್ನಾಗಿತ್ತು" ಎಂದು ಸುಮ್ಮನಾಗುತ್ತಾರೆ. ನಿಮ್ಮ ವಾಚ್ ಯಾವುದು, ಭಂಡಾರಿ ಯಾವ ಊರಿನವರು, ಕ್ಯಾಬಿನ್‌ನಲ್ಲಿ ಮೇಲಿನ ಬಂಕ್ ಯಾರದು ಎಂದು ಕೇಳಿ. ಸಣ್ಣ ಪ್ರಶ್ನೆಗೆ ದೊಡ್ಡ ಉತ್ತರ ಬರುತ್ತದೆ. ಸಾಧ್ಯವಾದರೆ ಇನ್ನೊಬ್ಬ ಹಳೆಯ ಹಡಗಿನವರನ್ನು ಮನೆಗೆ ಕರೆಸಿ, ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ, ನೀವು ಸುಮ್ಮನೆ ಬರೆದುಕೊಳ್ಳಿ. ಕ್ರೂನವರ ಬದುಕನ್ನು ಬರೆದಿಟ್ಟವರು ತೀರ ಕಡಿಮೆ. ಕಂಪನಿಗಳ ಕಡತಗಳಲ್ಲಿ ಸರಕಿನ ತೂಕ ಸಿಗುತ್ತದೆ, ಬೋಗುಣಿ ಹಿಡಿದವರು ಸಿಗುವುದಿಲ್ಲ.

ಆ ಸೆರಾಂಗ್ ಅವರನ್ನು ಮತ್ತೆ ಭೇಟಿಯಾದಿರಾ?

ಇಲ್ಲ. ಅವರ ಪೂರ್ತಿ ಹೆಸರೂ ನನಗೆ ಗೊತ್ತಿರಲಿಲ್ಲ. ಬಹಳ ವರ್ಷಗಳ ನಂತರ ಅದೇ ಹಡಗಿನ ಚಾರ್ ಸಾಬ್ ಸಿಕ್ಕಿ, ಸೆರಾಂಗ್ ತೀರಿಕೊಂಡ ಸುದ್ದಿಯನ್ನೂ ಅವರ ಮಗನ ವಿಳಾಸವನ್ನೂ ಕೊಟ್ಟರು. ಆ ಬೆಳಿಗ್ಗೆ ನಡೆದದ್ದನ್ನೆಲ್ಲ ಹಿಂದಿಯಲ್ಲಿ ಬರೆದು ಕಳುಹಿಸಿದೆ. ಅಪ್ಪ ಇದನ್ನು ಮನೆಯಲ್ಲಿ ಎಂದೂ ಹೇಳಿರಲಿಲ್ಲ ಎಂದು ಮಗ ಉತ್ತರ ಬರೆದರು. ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು: ಬೋಗುಣಿಯನ್ನು ಅವರು ಯಾವ ಕೈಯಲ್ಲಿ ಹಿಡಿದಿದ್ದರು? ಅಪ್ಪನ ಬಲಗೈಯ ಮೂರು ಬೆರಳುಗಳು ಮಡಚಿಕೊಂಡಿದ್ದವು, ಅದು ಯಾವಾಗ ಆಯಿತೆಂದು ನಮಗೆ ಗೊತ್ತಾಗಲೇ ಇಲ್ಲ ಎಂದು ಬರೆದಿದ್ದರು.

ಎಡಗೈಯಲ್ಲಿ ಎಂದು ಅದೇ ದಿನ ಉತ್ತರ ಬರೆದೆ.